ಒಂಬತ್ತು ಮರದ ತುಂಡುಗಳು

ಜಾಣ ಮಕ್ಕಳನ್ನು ಹುಡುಕುವುದು ನನ್ನ ಕೆಲಸವಾಗಿತ್ತು. ಹೇಳಿಕೊಳ್ಳಲು ಚೆನ್ನಾಗಿದೆ. ವಸತಿ ಶಾಲೆಯೊಂದಕ್ಕಾಗಿ ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳ ಬುದ್ಧಿ ಅಳೆಯುತ್ತಿದ್ದೆ. ಶಿವಮೊಗ್ಗದ ರವೀಂದ್ರನಗರದ ಮನೆಯಿಂದ ಹೊರಟು, ಬಸ್ಸಿನಲ್ಲಿ ಪರೀಕ್ಷೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡ ನ್ಯಾಯಾಧೀಶೆಯ ಹಾಗೆ ಕೂರುತ್ತಿದ್ದೆ.

ಆ ವರ್ಷ ಭದ್ರಾವತಿಯ ಶಾಲೆಯೊಂದರಿಂದ ಒಂದೇ ಹೆಸರು ಬಂದಿತ್ತು. ಐದನೇ ಕ್ಲಾಸಿನ ಹುಡುಗಿ, ಅಲ್ಲೇ ಬಿಸಿಯೂಟದ ಅಡುಗೆ ಮಾಡುವವರ ಮಗಳು. ಆಯ್ಕೆಯಾದರೆ ಓದು, ಊಟ, ಹಾಸ್ಟೆಲ್ ಎಲ್ಲ ಪುಕ್ಕಟೆ. "ಇದು ಬಿಟ್ರೆ ಅವಳಿಗೆ ಬೇರೆ ದಾರಿ ಇಲ್ಲ ಮೇಡಂ, ಹತ್ತನೇ ಕ್ಲಾಸಿಗೆ ಬಿಡಿಸ್ತಾರೆ," ಎಂದಿದ್ದರು ಅವಳ ಮೇಷ್ಟ್ರು.

ಪರೀಕ್ಷೆ ಎಂದರೆ ಕೆಂಪು ಬಿಳಿ ಬಣ್ಣದ ಒಂಬತ್ತು ಮರದ ತುಂಡು. ಪುಸ್ತಕದ ಚಿತ್ರ ನೋಡಿ ಹಾಗೇ ಜೋಡಿಸಬೇಕು, ಗೊತ್ತುಮಾಡಿದ ಸಮಯದೊಳಗೆ. ಸಾಲಾಗಿ ಮೂರು ತಪ್ಪಾದರೆ ಪುಸ್ತಕ ಮುಚ್ಚಬೇಕೆಂಬುದು ನಿಯಮ. ಮೊದಲ ಚಿತ್ರ ತೋರಿಸಿ ಸ್ಟಾಪ್‌ವಾಚ್ ಒತ್ತುವಷ್ಟರಲ್ಲಿ ಅಕ್ಕನ ಫೋನು. ಮಗಳ ಮದುವೆಗೆ ಛತ್ರ ಸಿಕ್ಕಿಲ್ಲವೆಂಬ ಗೋಳು. ಕಿಟಕಿಯ ಕಡೆ ಮುಖ ಮಾಡಿ ಮಾತಾಡಿದೆ. ತಿರುಗಿದಾಗ ತುಂಡುಗಳೆಲ್ಲ ಪೆಟ್ಟಿಗೆಯೊಳಗಿದ್ದವು, ಹುಡುಗಿ ಕೈಕಟ್ಟಿ ಕೂತಿದ್ದಳು. ಏನೂ ಕೇಳದೆ ಸೊನ್ನೆ ಬರೆದು ಮುಂದಿನ ಪುಟ ತಿರುವಿದೆ. ಫೋನು ಇನ್ನೂ ಕಿವಿಯಲ್ಲೇ ಇತ್ತು. ಮೂರು ಸಲವೂ ಹೀಗೇ ಆಯಿತು. ಪುಸ್ತಕ ಮುಚ್ಚಿದೆ.

ಮುಂದಿನ ವಾರ ಫಲಿತಾಂಶ ಹೇಳಲು ಹೋದಾಗ ಅವಳ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಮೂರೂ ಮಾಡಿದ್ಳಂತೆ ಮೇಡಂ. ಮಾಡಿ ಎತ್ತಿಟ್ಳಂತೆ. ನಮ್ದು ಒಂದೇ ರೂಮು. ಆಡಿದ್ದು ಓದಿದ್ದು ಮುಗಿದ ತಕ್ಷಣ ಎತ್ತಿಟ್ಟು ಜಾಗ ಬಿಡು ಅಂತ ನಾನೇ ಬೈದು ಕಲ್ಸಿದ್ದು. ನಂದೇ ತಪ್ಪು. ಇನ್ನೊಂದ್ಸಲ ನೋಡ್ತೀರಾ?"

ನೋಡಬಹುದಿತ್ತು. ಆಫೀಸಿಗೆ ಕೊಡಬೇಕಾದ ಆಯ್ಕೆ ಪಟ್ಟಿ ಇನ್ನೂ ನನ್ನ ಚೀಲದಲ್ಲೇ ಇತ್ತು. ಆದರೆ ಮತ್ತೆ ಪರೀಕ್ಷೆ ಏಕೆಂದು ಆಫೀಸಿಗೆ ಬರೆಯಬೇಕು, ಬರೆದರೆ ಫೋನಿನ ವಿಷಯ ಹೇಳಬೇಕು. "ಒಂದ್ಸಲ ಆದ್ಮೇಲೆ ಮತ್ತೆ ಕೊಡೋ ಹಾಗಿಲ್ಲಮ್ಮ, ರೂಲ್ಸು," ಎಂದೆ. ಆ ತಾಯಿ ತಮ್ಮನ್ನೇ ಬೈದುಕೊಳ್ಳುತ್ತ ಒಲೆಯ ಹತ್ತಿರ ಹೋದರು. ಅವರೇ ಮಾಡಿಕೊಟ್ಟ ಟೀಯನ್ನು ನಾನು ಕುಡಿದೆ ಕೂಡ. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿದ್ದು ಬಸ್ಸು ಮಲವಗೊಪ್ಪ ದಾಟಿದ ಮೇಲೆ. ಆಗಲೂ ಇಳಿದು ವಾಪಸ್ ಹೋಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುತ್ತಿದ್ದ ಹುಡುಗಿ ನನ್ನ ಗುರುತು ಹಿಡಿದಳು. ಅವಳೇ. ನಾನು ಬೇಡವೆಂದ ಸೀರೆಯನ್ನು ಆ ಕ್ಷಣವೇ ಮಡಚಿ ಎತ್ತಿಡುತ್ತಿದ್ದಳು. ನಾನು ಏನಾದರೂ ಹೇಳಬೇಕೆಂದು ತಡವರಿಸುತ್ತಿದ್ದಾಗ, "ಆ ಚಿತ್ರ ನಂಗೆ ಈಗ್ಲೂ ನೆನಪಿದೆ ಮೇಡಂ," ಎಂದು ಕೌಂಟರಿನ ಮೇಲೆ ಬೆರಳಿನಿಂದ ಮೂರನ್ನೂ ಬರೆದು ತೋರಿಸಿದಳು. ಮೂರೂ ಸರಿ ಇದ್ದವು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾಲ್ಕನೇದು ಹೇಗಿತ್ತು ಮೇಡಂ?" ಎಂದು ಕೇಳಿದಳು. "ನೀವು ತೋರಿಸ್ಲೇ ಇಲ್ಲ."