ಎಚ್ಚರವಾಗಿದ್ದೇ ಕಣ್ಣು ಕೊಯ್ಸಿಕೊಂಡೆ

ಕಡೂರಿನ ಕಣ್ಣಾಸ್ಪತ್ರೆಯಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಯೋದು ಅಂತ ಆಯ್ತು. ನಾನು ಪಕ್ಕದಲ್ಲೇ ಕೂತಿದ್ದರೂ ನನ್ನ ಮಗ ಡಾಕ್ಟ್ರಮ್ಮನಿಗೆ, "ನಮ್ಮವ್ವನ್ನ ಪೂರ್ತಿ ಮಲಗಿಸಿಬಿಡಿ ಮೇಡಂ. ಎಚ್ಚರ ಇದ್ರೆ ನಿಮಗೇ ಆಪರೇಷನ್ ಹೇಳಿಕೊಡ್ತಾಳೆ" ಅಂದ.

"ಮಲಗಿಸಂಗಿಲ್ಲ" ಅಂದೆ.

"ಹೆದರ್ಕೋತೀಯ ಕಣವ್ವ."

"ಹೆದರಿರೋದು ನೀನು. ಆಚೆ ಹೋಗಿ ಟೀ ಕುಡಿ."

ಸುಮ್ನೆ ಹಟಕ್ಕೆ ಅಂದಿದ್ದಲ್ಲ. ಇವನನ್ನ ಹೆರುವಾಗ ನನ್ನ ಮಲಗಿಸಿ ಹೊಟ್ಟೆ ಕೊಯ್ದಿದ್ರು. ಎದ್ದಾಗ ಮಗು ಪಕ್ಕದಲ್ಲಿತ್ತು. ಇನ್ನು ಮಕ್ಕಳಾಗದ ಆಪರೇಷನ್ನೂ ಅದರ ಜೊತೆಗೇ ಆಗಿಹೋಗಿತ್ತು. ರುಜು ಹಾಕಿದ್ದು ನನ್ನ ಗಂಡ. ನನ್ನ ಕೇಳಿದ್ರೆ ನಾನೂ ಹೂಂ ಅಂತಿದ್ನೋ ಏನೋ. ಕೇಳಲೇ ಇಲ್ಲವಲ್ಲ. ನಾನು ಮೈಮರೆತು ಮಲಗಿರೋವಾಗ ಇನ್ಯಾರೂ ನನ್ನ ಮೈಗೆ ಕತ್ತರಿ ಹಾಕಕೂಡದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಡಾಕ್ಟ್ರಮ್ಮ ಮಗನ್ನ ಬಿಟ್ಟು ನನ್ನ ಕಡೆ ತಿರುಗಿದರು. ಪೂರ್ತಿ ನಿದ್ದೆ ಇದಕ್ಕೆ ಸಾಮಾನ್ಯವಾಗಿ ಬೇಕೇ ಇಲ್ಲವಂತೆ. ಕಣ್ಣಿಗೆ ಬರೀ ಡ್ರಾಪ್ಸ್ ಹಾಕಿ ಮರಗಟ್ಟಿಸಬಹುದು, ಇಲ್ಲ ಕಣ್ಣಿನ ಪಕ್ಕ ಇಂಜೆಕ್ಷನ್ ಕೊಡಬಹುದು. ತುಂಬಾ ಗಾಬರಿ ಆಗೋರಿಗೆ ನರಕ್ಕೆ ಒಂಚೂರು ಮಂಪರಿನ ಔಷಧಿನೂ ಹಾಕ್ತಾರಂತೆ.

"ಡ್ರಾಪ್ಸ್ ಸಾಕು" ಅಂದೆ.

"ಹಾಗಾದ್ರೆ ಅಲ್ಲಾಡದೆ ಮಲಗ್ಬೇಕು ಅಜ್ಜಿ. ಆಗುತ್ತಾ?"

"ನಮ್ಮೂರು ಯಗಟಿಲಿ ನಮ್ಮೋರು ಉಣ್ಣೆ ಕತ್ತರಿಸೋವಾಗ ಕುರಿ ಹಿಡಿದೋಳು ನಾನು. ಏಕ್‌ದಂ ಕತ್ತರಿ ತಗುಲಿಸಿದ್ರೆ ಒದೀತದೆ. ಮೊದ್ಲು ಬೆನ್ನ ಮೇಲೆ ಕೈ ಇಟ್ರೆ ಸುಮ್ನೆ ಬಿದ್ದಿರ್ತದೆ. ನೀವು ಹೇಳಿ ಮುಟ್ಟಿ, ನಾನು ಅಲ್ಲಾಡಲ್ಲ."

ಒಪ್ಪಿಗೆ ಕಾಗದ ಬಂತು. ಮಗ ಪೆನ್ನು ತಗೊಂಡ, ಕಿತ್ಕೊಂಡೆ. ನನ್ನ ಹೆಸರಿನ ಮೂರಕ್ಷರ ಬರೆಯೋಕೆ ಹೊತ್ತು ಹಿಡೀತು. ನರ್ಸಮ್ಮ ಗಡಿಯಾರ ನೋಡಿದಳು. ನೋಡ್ಕೊಳ್ಳಲಿ.

ಒಳಗೆ ಮುಖದ ಮೇಲೆ ಬಟ್ಟೆ ಹೊದಿಸಿ ಒಂದು ಕಣ್ಣು ಮಾತ್ರ ತೆರೆದಿಟ್ಟರು. "ಈಗ ನೀರು ಬಿಡ್ತೀನಿ ಅಜ್ಜಿ", "ಈಗ ಒತ್ತಿದಂಗಾಗುತ್ತೆ" ಅಂತ ಡಾಕ್ಟ್ರಮ್ಮ ಹೇಳ್ತಾನೇ ಇದ್ದರು. ಕತ್ತರಿ ಕಾಣಲಿಲ್ಲ, ನೋವೂ ಇಲ್ಲ, ಕಣ್ಣ ತುಂಬ ಬರೀ ಬೆಳಕು. ಅರ್ಧಕ್ಕೆ ಬಂದಾಗ ಗಂಟಲು ಕೆರೆಯೋಕೆ ಶುರುವಾಯ್ತು.

"ಕೆಮ್ಮು ಬತ್ತದೆ. ನಿಲ್ಸಿ" ಅಂದೆ.

ನಿಲ್ಲಿಸಿದರು! ಕಣ್ಣಿಂದ ಎಲ್ಲ ಆಚೆ ತೆಗೆದು, "ಹೂಂ, ಕೆಮ್ಮಿ" ಅಂದರು. ಕೆಮ್ಮಿದೆ. ಇನ್ನೊಂದು ಸಲ ಕೆಮ್ಮಿದೆ. ಅಷ್ಟು ಜನ, ಅಷ್ಟು ಮಿಷನ್ನು, ಎಲ್ಲ ನನ್ನ ಬಾಯಿಂದ ಮಾತು ಬರೋವರೆಗೂ ಸುಮ್ಮನೆ ನಿಂತಿದ್ದರು.

"ಆಯ್ತು, ಈಗ ಮಾಡಿ" ಅಂದೆ.