ಜಲ್ಲಾದನ ಕೈಯಲ್ಲೊಂದು ಕತ್ತು

ಕಳೆದ ತಿಂಗಳ ಒಂದು ಶುಕ್ರವಾರ ಸಂಜೆ, ಕೊಲ್ಲಿ ನಾಡಿನ ಬುದಯ್ಯ ಎಂಬ ಹಳ್ಳಿಯ ಕ್ಲಬ್ಬೊಂದರ ಅಂಗಳದಲ್ಲಿ, ನನ್ನ ನೆರೆಮನೆಯ ವಿಲ್ಫ್ರೆಡ್‌ನ ಬೆನ್ನಿಗೆ ಚಪ್ಪಲಿಗಳು ಬಿದ್ದವು. ಆತ ತಿರುಗಿಯೂ ನೋಡಲಿಲ್ಲ.

ನೋಡುವ ಹಾಗಿರಲಿಲ್ಲ. ಆತನ ಎರಡು ಅಂಗೈಗಳ ನಡುವೆ ಇನ್ನೊಬ್ಬನ ತಲೆಯಿತ್ತು.

ವಿಲ್ಫ್ರೆಡ್ ಉಡುಪಿಯ ಕಡೆಯವನು. ಡಿಪ್ಲೊಮ್ಯಾಟಿಕ್ ಏರಿಯಾದ ವಿಮಾ ಕಚೇರಿಯೊಂದರಲ್ಲಿ ಕೆಲಸ. ವಾರಾಂತ್ಯದಲ್ಲಿ ಮಾತ್ರ ಆತ ಜಲ್ಲಾದ್, ಎಂದರೆ ಗಲ್ಲಿಗೇರಿಸುವವನು: ಕುಸ್ತಿ ಪ್ರದರ್ಶನಗಳ ಖಳನಾಯಕ. (ಇದು ನಮ್ಮ ಗರಡಿಮನೆಯ ಕುಸ್ತಿಯಲ್ಲ, ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನವಾಗಿರುವ, ನಿಮ್ಮ ಮಕ್ಕಳು ಟಿವಿಯ ಮುಂದೆ ಊಟ ಮರೆತು ನೋಡುವ ಕುಸ್ತಿ.)

ಈ ಕೊಲ್ಲಿಯ ಊರೂರು ಸುತ್ತಿ ಆತ ವರ್ಷಗಟ್ಟಲೆ ಸಂಪಾದಿಸಿರುವುದು ಬೈಗುಳವನ್ನು. ರೆಫರಿ ಅತ್ತ ತಿರುಗಿದರೆ ಎದುರಾಳಿಯ ಕಣ್ಣಿಗೆ ಪುಡಿ ಎರಚುತ್ತಾನೆ. ಮಂಡಿಯೂರಿ ಕ್ಷಮೆ ಕೇಳಿ, ಎದುರಾಳಿ ಕೈ ಚಾಚಿದೊಡನೆ ಹೊಟ್ಟೆಗೆ ಒದೆಯುತ್ತಾನೆ. ನಮ್ಮ ಕಟ್ಟಡದ ಕೆಳಗಿನ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಗೆ ಆತ ಹಾಲು ತರಲು ಹೋದರೂ ಮಕ್ಕಳು ಫ್ರಿಜ್ಜಿನ ಹಿಂದೆ ಅಡಗುತ್ತಾರೆ. ಖಳನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದು?

ಆದರೆ ಈ ಕಸುಬಿಗೂ ಕಟ್ಟುಪಾಡುಗಳಿವೆ. ಬೀಳುವವನ ದೇಹ ಬೀಳಿಸುವವನ ಹೊಣೆ ಎಂಬುದು ಎಲ್ಲರಿಗೂ ಅನ್ವಯಿಸುವಂಥದ್ದು. ರಿಂಗಿನೊಳಗೆ ಇಲ್ಲಿನ ಜನಕ್ಕೂ ಅರ್ಥವಾಗುವ ಹಿಂದಿಯಲ್ಲದೆ ಬೇರೆ ಮಾತಿಲ್ಲ ಎಂಬುದು ವಿಲ್ಫ್ರೆಡ್‌ನದೇ ನಿಯಮ. "ಜಲ್ಲಾದನಿಗೆ ಕನ್ನಡ ಬರುದಿಲ್ಲ ಸರ್. ನೀವು ಎದುರು ಕೂತ್ರೂ ನಂಗೆ ಗುರ್ತ ಇಲ್ಲ," ಎಂದು ನನ್ನನ್ನು ಆತ ಮೊದಲೇ ಎಚ್ಚರಿಸಿದ್ದ.

ಅಂದಿನ ನಾಯಕ ಹಸನ್. ಅದೇ ಹಳ್ಳಿಯ ಯುವಕ. ಹಗ್ಗದ ಮೇಲೇರಿ ಹಾರುವಾಗ ಅವನ ಕಾಲು ಜಾರಿತು. ಹಿಡಿಯಲು ಧಾವಿಸಿದ ವಿಲ್ಫ್ರೆಡ್‌ನ ಕೈಗೆ ಸಿಕ್ಕಿದ್ದು ಅಂಗಿಯ ಅಂಚು ಮಾತ್ರ. ಹಸನ್ ತಲೆಕೆಳಗಾಗಿ ಬಿದ್ದ. ಏಳಲಿಲ್ಲ.

ವಿಲ್ಫ್ರೆಡ್ ಮಂಡಿಯೂರಿ ಅವನ ತಲೆಯನ್ನು ಅಲುಗದಂತೆ ಹಿಡಿದುಕೊಂಡ. "ಡಾಕ್ಟರ್ ಕೋ ಬುಲಾವ್," ಎಂದು ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಮಂಡಿಯೂರಿದ ಜಲ್ಲಾದನನ್ನು ಅವರು ಎಷ್ಟು ಸಲ ನೋಡಿಲ್ಲ?

ಆಗ ಆತ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನತ್ತ ತಿರುಗಿದ.

"ಸರ್, ಇದು ಆಟ ಅಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ."

ಕನ್ನಡ. ಫೋನ್ ಮಾಡಿದೆ.

ರೆಫರಿ ಆಯೋಜಕರನ್ನು ಕರೆತರಲು ಓಡಿದ. ಅಷ್ಟರಲ್ಲಿ ಏನೋ ಕೆಟ್ಟದ್ದಾಗಿದೆ ಎಂಬುದು ಹಸನ್‌ನ ಅಣ್ಣ ಯೂಸುಫ್‌ಗೆ ಹೊಳೆಯಿತು. ಗೆಳೆಯರೊಡನೆ ಹಗ್ಗ ದಾಟಿ ಬಂದ; ತಮ್ಮನನ್ನು ಹೊತ್ತು ಕಾರಿನಲ್ಲಿ ಆಸ್ಪತ್ರೆಗೆ ಒಯ್ಯಬೇಕೆಂಬುದೇ ಅವನ ಆತುರ. ಅಣ್ಣನಾದವನು ಇನ್ನೇನು ಮಾಡಿಯಾನು? ಆದರೆ ಕತ್ತಿಗೆ ಪೆಟ್ಟಾದವನನ್ನು ಹಾಗೆ ಎತ್ತಿದರೆ ಗತಿಯೇನು?

"ಭಾಯಿ, ಮತ್ ಉಠಾವ್. ಗರ್ದನ್ ಮೇ ಲಗಾ ಹೈ," ಎತ್ತಬೇಡಿ ಎಂದು ವಿಲ್ಫ್ರೆಡ್ ಬೇಡಿಕೊಂಡ.

"ಹಟ್, ಝೂಟಾ," ಸುಳ್ಳುಗಾರ, ದೂರ ಸರಿ ಎಂದ ಯೂಸುಫ್. ಅವನ ಕೈ ಹಸನ್‌ನ ತೋಳಿನತ್ತ ಚಾಚಿತ್ತು.

ವಿಲ್ಫ್ರೆಡ್‌ನ ಮುಖ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಹಲ್ಲು ಕಾಣಿಸಿದವು, ಕತ್ತಿನ ನರಗಳು ಉಬ್ಬಿದವು. "ಜೋ ಹಾಥ್ ಲಗಾಯೇಗಾ, ಉಸ್ಕೀ ಗರ್ದನ್ ತೋಡ್ ದೂಂಗಾ." ಮುಟ್ಟಿದವನ ಕತ್ತು ಮುರಿಯುತ್ತೇನೆ ಎಂದು ಗರ್ಜಿಸಿದವನು ಜಲ್ಲಾದ್.

ಅವರು ಹಿಂದೆ ಸರಿದರು. ಬೇಡಿಕೆಯನ್ನು ನಂಬದವರು ಬೆದರಿಕೆಯನ್ನು ನಂಬಿದರು.

ಚಪ್ಪಲಿಗಳು ತೂರಿಬಂದದ್ದು ಆಮೇಲೆ. ನೀರಿನ ಬಾಟಲಿಯೊಂದು ಕಿವಿಗೆ ತಾಗಿ ರಕ್ತ ಒಸರಿತು. ಆಂಬುಲೆನ್ಸಿನವರು ಬಂದು ಹಸನ್‌ನ ಕತ್ತಿಗೆ ಪಟ್ಟಿ ಬಿಗಿಯುವವರೆಗೆ ಆ ಕೈಗಳು ಕದಲಲಿಲ್ಲ.

ಕತ್ತಿನ ಮೂಳೆ ಬಿರುಕು ಬಿಟ್ಟಿತ್ತು. ಎತ್ತಿದ್ದರೆ ಕೈಕಾಲುಗಳ ಆಸೆ ಬಿಡಬೇಕಿತ್ತಂತೆ. ಈಗ ಹಸನ್ ಸಲ್ಮಾನಿಯಾ ಆಸ್ಪತ್ರೆಯ ವಾರ್ಡಿನಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದಾನೆ.

ಮೊನ್ನೆ ಹಣ್ಣು ಹಿಡಿದುಕೊಂಡು ಹೋದ ನಮ್ಮಿಬ್ಬರನ್ನು, ತಮ್ಮನನ್ನು ಬೀಳಿಸಿದ್ದು ಜಲ್ಲಾದನೇ ಎಂದು ಇನ್ನೂ ನಂಬಿದ್ದ ಯೂಸುಫ್ ಬಾಗಿಲಲ್ಲೇ ತಡೆದ. ನಡೆದದ್ದನ್ನು ವಿವರಿಸಲು ನಾನು ಬಾಯಿ ತೆರೆದೆ. ವಿಲ್ಫ್ರೆಡ್ ನನ್ನ ತೋಳು ಹಿಡಿದು ಈಚೆಗೆ ಎಳೆದ.

"ಬೇಡ ಸರ್. ಹಸನ್‌ಗೆ ಗೊತ್ತುಂಟು, ಸಾಕು. ಊರಿಗೆಲ್ಲ ನಾನು ಒಳ್ಳೆಯವ ಆದ್ರೆ ಮತ್ತೆ ಟಿಕೆಟ್ ಯಾರು ತಗೊಳ್ತಾರೆ ಮಾರಾಯ್ರೆ?"

ನಕ್ಕೆ. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಒಳ್ಳೆಯವರೆನಿಸಿಕೊಂಡೇ ಬದುಕಬೇಕಾದ ನಮ್ಮಲ್ಲಿ, ಮೊದಲ ಚಪ್ಪಲಿ ಬಿದ್ದ ಮೇಲೂ ಆ ತಲೆಯನ್ನು ಕೈಬಿಡದೆ ಹಿಡಿದಿರುತ್ತಿದ್ದವರು ಯಾರು?