ಅಪ್ಪನ ಎಡಗೈ ಕರಣೆ

ಊರಿಗೆಲ್ಲ ಅವಳು ಗಾರೆಯಮ್ಮ. ಉಣ್ಣುವುದು ಬಲಗೈಯಲ್ಲಿ, ಗೋಡೆ ಬಳಿಯುವುದು ಎಡಗೈಯಲ್ಲಿ. ಅವಳಪ್ಪ ಎಡಚ, ಅವನು ಗಾರೆ ಮೆತ್ತುತ್ತಿದ್ದ ಕರಣೆ ಆ ಕೈಗೇ ಸವೆದು ಒಂದು ಮಗ್ಗುಲಿಗೆ ಓರೆಯಾಗಿತ್ತು. ಅವನು ಹೋದ ಮೇಲೆ ಅದನ್ನು ಹಿಡಿದವಳು ಕರಣೆ ಬದಲಿಸಲಿಲ್ಲ, ಕೈಯನ್ನೇ ಬದಲಿಸಿಕೊಂಡಳು. ಹೆಣ್ಣು ಸಾರವೆ ಹತ್ತುವುದುಂಟೇ ಎಂದು ನಕ್ಕವರೇ ಈಗ ಗೋಡೆ ಕನ್ನಡಿಯಂತಾಗಬೇಕೆಂದರೆ ಅವಳ ಬಾಗಿಲು ತಟ್ಟುತ್ತಾರೆ.

ಅಂಥವಳೂ ಒಂದು ದಿನ ಮಂಕಾದಳು. ಟೀಚರಾಗಿರುವ ಮಗಳಿಗೆ ಮದುವೆ ಗೊತ್ತಾಗಿತ್ತು. ಕೊಟ್ಟು ಕಳಿಸಲು ಮನೆತನದ್ದೆಂಬುದು ಏನೂ ಇಲ್ಲವಲ್ಲ ಎಂಬ ಕೊರಗು. ಅಷ್ಟರಲ್ಲಿ ಅಕ್ಕ ಅತ್ತೆಮನೆಯ ಹಾರ ಹಾಕಿಕೊಂಡು ಬಂದಳು.

“ಇದಕ್ಕೆ ಏರ್‌ಲೂಮ್ ಅಂತಾರೆ ಕಣೇ. ನಾಳೆ ನನ್ನ ಸೊಸೆಗೆ. ನಿನ್ನ ಮಗಳಿಗೇನಿಟ್ಟಿದ್ದೀಯೇ, ಸಿಮೆಂಟ್ ಚೀಲಾನಾ?”

ತಮಾಷೆಯೇ, ಆದರೂ ಚುಚ್ಚಿತು. ಗಾರೆಯಮ್ಮ ಪಕ್ಕದಲ್ಲಿ ಮಕ್ಕಳ ನೋಟ್ಸ್ ತಿದ್ದುತ್ತ ಕೂತಿದ್ದ ಮಗಳತ್ತ ತಿರುಗಿದಳು. “ಹಾಗಂದ್ರೇನೇ?”

“ತಲೆಮಾರಿಂದ ತಲೆಮಾರಿಗೆ ಇಳಿದು ಬರೋ ವಸ್ತು ಅಮ್ಮ. ಒಡವೆಗೂ ಅಂತಾರೆ, ಗೋಡೆ ಗಡಿಯಾರಕ್ಕೂ ಅಂತಾರೆ. ಅಜ್ಜಿ ಕಾಲದಿಂದ ಕಾಪಾಡ್ಕೊಂಡು ಬಂದ ಟೊಮೇಟೊ ತಳಿಗೂ ಅಂತಾರೆ. ಏರ್ ಅಂದ್ರೆ ವಾರಸುದಾರ. ಲೂಮ್ ಅಂದ್ರೆ…”

“ಮಗ್ಗ. ಅಷ್ಟು ನನಗೂ ಗೊತ್ತು,” ಎಂದಳು ಅಕ್ಕ.

“ಈಗ ಮಗ್ಗ, ದೊಡ್ಡಮ್ಮ. ಹಳೇ ಇಂಗ್ಲಿಷಲ್ಲಿ ಕೆಲಸದ ಯಾವ ಸಲಕರಣೆಗಾದ್ರೂ ಅದೇ ಹೆಸರಿತ್ತು.”

ಗಾರೆಯಮ್ಮ ಎದ್ದಳು. ಬಾಂಡ್ಲಿಯಿಂದ ಕರಣೆ ತೆಗೆದು, ಒರೆಸಿ, ಇಬ್ಬರ ನಡುವೆ ಇಟ್ಟಳು.

“ಹಾಗಾದ್ರೆ ಇದು?”

ಅಕ್ಕ ಓರೆ ಅಂಚಿನ ಮೇಲೆ ಬೆರಳಾಡಿಸಿದಳು. ದನಿ ಇಳಿಯಿತು. “ಅಪ್ಪಂದಲ್ವೇನೇ! ಹಾರ ಇದ್ದು ಏನು, ಅಪ್ಪಂದು ಅಂತ ನನ್ನ ಹತ್ರ ಒಂದು ಮೊಳೆಯೂ ಇಲ್ಲ. ಕೊಡೇ ನನಗೆ.”

“ಆಸೆ ನೋಡು! ವಾರಸುದಾರಳು ಇಲ್ಲೇ ಕೂತಿದ್ದೀನಿ,” ಎಂದು ಮಗಳು ಪೆನ್ನು ಕೆಳಗಿಟ್ಟು, ಪೆನ್ನು ಹಿಡಿದಿದ್ದ ಕೈಯಲ್ಲೇ ಕರಣೆ ಎತ್ತಿಕೊಂಡಳು. ಅವಳೋ ಹುಟ್ಟಾ ಎಡಚಿ. ಅಜ್ಜನ ಹಿಡಿ ಅವಳ ಅಂಗೈಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಗಾರೆಯಮ್ಮನ ಎದೆ ಉಬ್ಬಿತು. ಬಾಯಿ ಮಾತ್ರ ಗದರಿತು. “ಹೆಬ್ಬೆರಳು ಮೇಲಿಡು! ಮದುವೆಗೆ ಮುಂಚೆ ಅಡುಗೆಮನೆ ಗೋಡೆ ನಿನ್ನ ಕೈಯಿಂದಲೇ ಆಗ್ಬೇಕು. ಬರೀ ಗೂಟಕ್ಕೆ ನೇತುಹಾಕೋಕೆ ಕೊಡಲ್ಲ ನಾನು.”

ಅಕ್ಕ ಹಾರ ಬಿಚ್ಚಿ ಪಕ್ಕಕ್ಕಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಕಲಸೋದು ನಾನು. ಅಪ್ಪನಿಗೆ ಗಾರೆ ಕಲಸಿ ಕೊಡ್ತಿದ್ದೋಳು ಯಾರು, ಮರೆತ್ಯಾ?”